ಇಪ್ಪತ್ತನೇ ತಾರೀಕು ಕಳೆದ ಮೇಲೆ

ತುಮಕೂರಿನ ಮಂಡಿಪೇಟೆಯ ವರ್ತಕರಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸಿಕೊಡುವುದು ನನ್ನ ವೃತ್ತಿ. ತಿಂಗಳ 7ರೊಳಗೆ ಟಿಡಿಎಸ್, ಅಂದರೆ ಪಾವತಿ ಮಾಡುವಾಗಲೇ ಹಿಡಿದಿಟ್ಟ ಆದಾಯ ತೆರಿಗೆ, ಕಟ್ಟಬೇಕು. ಪ್ರತಿ ತಿಂಗಳು ಸಲ್ಲಿಸುವವರ ಮಾರಾಟದ ವಿವರವಾದ ಜಿಎಸ್‌ಟಿಆರ್-1 11ರೊಳಗೆ, ತೆರಿಗೆಯ ಒಟ್ಟು ಲೆಕ್ಕವಾದ 3ಬಿ 20ರೊಳಗೆ ಹೋಗಬೇಕು. ಅಲ್ಲಿಯವರೆಗೆ ಇವತ್ತೇನು ಮಾಡಲಿ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. 20 ಕಳೆದ ಮೇಲಿನ ದಿನಗಳಲ್ಲಿ ಮಾತ್ರ ಯಾರೂ ಬೆನ್ನು ಹತ್ತುವುದಿಲ್ಲವಾದ್ದರಿಂದ, ಹಳೆಯ ಫೈಲು ಜೋಡಿಸುತ್ತ, ವಾಟ್ಸಾಪ್ ನೋಡುತ್ತ ಸಂಜೆಯಾಗಿಬಿಡುತ್ತದೆ.

ಗಂಟೆಗೊಂದು ಕೆಲಸವೆಂದು ವೇಳಾಪಟ್ಟಿ ಬರೆದುಕೊಳ್ಳುವುದು ನನಗೆ ಒಗ್ಗಲಿಲ್ಲ. ನಾನೇ ಬರೆದದ್ದನ್ನು ನಾನೇ ಮುಂದೂಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದ್ದರಿಂದ ಗಡುವಿಲ್ಲದ ಪ್ರತಿಯೊಂದು ಕೆಲಸಕ್ಕೂ ಕಾಯುವ ಮನುಷ್ಯನೊಬ್ಬನನ್ನು ಗಂಟುಹಾಕತೊಡಗಿದೆ. ಹಿಂದಿನ ದಿನವೇ ಒಬ್ಬ ವರ್ತಕರಿಗೆ ಫೋನು ಮಾಡಿ, ನಾಳೆ ಮಧ್ಯಾಹ್ನ ಅಂಗಡಿಗೆ ಬರುತ್ತೇನೆ, ಖರೀದಿ ಬಿಲ್ಲುಗಳನ್ನು ತೆಗೆದಿಡಿ ಎಂದು ಹೇಳಿಬಿಡುತ್ತೇನೆ. “ಇನ್ನೂ ತಾರೀಕು ದೂರ ಐತಲ್ಲ ಸ್ವಾಮಿ” ಎಂಬ ಉತ್ತರ ಬರುವುದುಂಟು. ಆದರೂ ಒಮ್ಮೆ ಮಾತು ಕೊಟ್ಟ ಮೇಲೆ ಬೆಳಿಗ್ಗೆ ಕುಳಿತು ಅವರ 2ಬಿ ತಖ್ತೆಯನ್ನು (ಮಾರಿದವರು ಸಲ್ಲಿಸಿದ ವಿವರಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ಸಿದ್ಧಪಡಿಸುವ ಖರೀದಿ ಪಟ್ಟಿ) ಇಳಿಸಿ, ನಮ್ಮ ಖರೀದಿ ಪುಸ್ತಕದೊಂದಿಗೆ ತಾಳೆ ನೋಡದೆ ಬೇರೆ ದಾರಿಯಿಲ್ಲ.

ಈ ತಾಳೆ ನೋಡುವ ಕೆಲಸಕ್ಕೆ ಖಾಲಿ ದಿನವೇ ಬೇಕು. ಬಿಲ್ಲು ಕೈಯಲ್ಲಿರುತ್ತದೆ, ತೆರಿಗೆಯನ್ನೂ ಕೊಟ್ಟಿರುತ್ತೇವೆ, ಆದರೆ 2ಬಿಯಲ್ಲಿ ಆ ಸಾಲೇ ಇರುವುದಿಲ್ಲ. ಅದಿಲ್ಲದೆ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವುದು, ಸಿಗುವುದಿಲ್ಲ. ಹುಡುಕಿದರೆ, ಮಾರಿದವರು 15 ಅಕ್ಷರಗಳ ನೋಂದಣಿ ಸಂಖ್ಯೆಯಲ್ಲಿ ಕರ್ನಾಟಕದ ಸಂಕೇತವಾದ 29ರ ಬಳಿಕ ಬರುವ ಪ್ಯಾನ್ ಭಾಗಕ್ಕೆ ಬೇರೆ ಯಾರದೋ ಸಂಖ್ಯೆಯನ್ನು ಹಾಕಿರುತ್ತಾರೆ, ಇಲ್ಲವೇ ನೋಂದಣಿಯಿಲ್ಲದ ಗಿರಾಕಿಗೆ ಮಾರಿದಂತೆ ತೋರಿಸಿರುತ್ತಾರೆ. ಅದನ್ನು ಅವರು ಮುಂದಿನ ಜಿಎಸ್‌ಟಿಆರ್-1ರಲ್ಲಿ ತಿದ್ದಬೇಕಾಗಿರುವುದರಿಂದ, 11ರ ಹತ್ತಿರ ಹೇಳಿದರೆ ಕೇಳುವವರಿರುವುದಿಲ್ಲ. 20 ಕಳೆದ ಮೇಲೆ ಅವರ ಲೆಕ್ಕಿಗರೂ ನನ್ನಷ್ಟೇ ಬಿಡುವಾಗಿರುತ್ತಾರೆ, ಫೋನು ಎತ್ತುತ್ತಾರೆ. (ಬಿಲ್ಲಿನ ಫೋಟೋ ಕಳುಹಿಸಿ ಸುಮ್ಮನಾದರೆ ಕೆಲಸ ಆಗದು. ಮಾತನಾಡಿಯೇ ತಿಳಿಸಬೇಕು.)

ಅಂಗಡಿಗೆ ಹೋಗುವುದನ್ನು ಮಧ್ಯಾಹ್ನಕ್ಕೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಆಗ ವ್ಯಾಪಾರ ತೆಳುವಾಗಿದ್ದು, ಯಜಮಾನರು ಗಲ್ಲಾದಿಂದ ಎದ್ದುಬಂದು ಕಾಣೆಯಾದ ಬಿಲ್ಲನ್ನು ತಾವೇ ಹುಡುಕಿಕೊಡುತ್ತಾರೆ. ದಿನಕ್ಕೆ ಒಬ್ಬರ ಲೆಕ್ಕಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಯಾರ ಲೆಕ್ಕ ಮೊದಲು ಎಂಬುದನ್ನು ಸಿಗದೆ ನಿಂತಿರುವ ಇನ್‌ಪುಟ್ ಮೊತ್ತವೇ ತೀರ್ಮಾನಿಸುತ್ತದೆ. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಆ ವರ್ಷದ ಬಿಲ್ಲಿನ ಇನ್‌ಪುಟ್ ಪಡೆಯಲು ಬರುವುದಿಲ್ಲವಾದ್ದರಿಂದ, ಆಗಸ್ಟ್‌ನಿಂದ ಆಚೆಗಿನ ಬಿಡುವಿನ ದಿನಗಳನ್ನು ಹಿಂದಿನ ವರ್ಷದ ಬಾಕಿ ಬಿಲ್ಲುಗಳಿಗೆಂದೇ ಮೀಸಲಿಟ್ಟು, ಹೊಸ ಪುಸ್ತಕಗಳನ್ನು ಅವುಗಳ ನಂತರ ಮುಟ್ಟುತ್ತೇನೆ.