ನಮ್ಮ ತೋಡಿಗೆ ಮತ್ತೆ ಕಟ್ಟ ಹಾಕಿದ ಬಗೆ

ಕಾಸರಗೋಡಿನ ಕಡೆ ನಾವು ಸಣ್ಣ ಹಳ್ಳವನ್ನು ತೋಡು ಎನ್ನುತ್ತೇವೆ. ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಹರಿದು ಪಯಸ್ವಿನಿ ನದಿಯನ್ನು ಸೇರುವ ತೋಡಿಗೆ ಬೇರೆ ಹೆಸರೇ ಇಲ್ಲ. ಅಜ್ಜನ ಕಾಲದಲ್ಲಿ ಡಿಸೆಂಬರ್ ಹೊತ್ತಿಗೆ ಅದಕ್ಕೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟಗಳು, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡುಗಳು, ಸಾಲಾಗಿ ಏಳುತ್ತಿದ್ದವು. ನಿಂತ ನೀರು ಕಣಿಯಲ್ಲಿ (ಸಣ್ಣ ಕಾಲುವೆಯಲ್ಲಿ) ಹರಿದು ಸರದಿಯಂತೆ ತೋಟಗಳನ್ನು ತಲುಪುತ್ತಿತ್ತು. ಕೊಳವೆಬಾವಿಗಳು ಬಂದ ಮೇಲೆ, ಆಳುಗಳೂ ಸಿಗದಾದಾಗ, ಈ ರೂಢಿ ನಿಂತುಹೋಯಿತು.

2016ರಲ್ಲಿ ಕೇರಳಕ್ಕೆ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಮರುವರ್ಷದ ಬೇಸಗೆಯಲ್ಲಿ ಬಾವಿ ಬತ್ತಿದ ಬಳಿಕವೇ ನಾವು ನಾಲ್ಕು ಮನೆಯವರು ಮತ್ತೆ ಕಟ್ಟದ ಮಾತೆತ್ತಿದೆವು.

ಮೊದಲ ವರ್ಷ ಮರಳಿನ ಮೇಲೆಯೇ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಪೇರಿಸಿದೆವು. ಸಂಜೆ ತುಂಬಿದ್ದ ನೀರು ಬೆಳಗಾಗುವಷ್ಟರಲ್ಲಿ ಚೀಲಗಳ ಅಡಿಯಿಂದ ನುಸುಳಿ ಹೋಗಿತ್ತು. ಪಕ್ಕದ ಮನೆಯ ಹಿರಿಯರು ಬಂದು ನೋಡಿ, "ನೀರು ಮೇಲಿಂದ ಹಾರಿದರೆ ಹೆದರಬೇಡಿ, ಅಡಿಯಿಂದ ನುಸುಳಿದರೆ ಕೆಲಸ ಕೆಟ್ಟಿತು" ಎಂದರು. ಮುಂದಿನ ವರ್ಷ ಗಟ್ಟಿ ಪಾರೆ (ಬಂಡೆ) ಸಿಗುವವರೆಗೆ ಮರಳು ತೆಗೆದು, ಒಂದು ಮಾರು ಅಂತರದಲ್ಲಿ ಎರಡು ಸಾಲು ಕಲ್ಲು ಕಟ್ಟಿ, ನಡುವೆ ಜಿಗುಟು ಮಣ್ಣನ್ನು ನೀರು ಚಿಮುಕಿಸುತ್ತಾ ಕಾಲಿನಿಂದ ತುಳಿದು ತುಂಬಿದೆವು. ಹರಿವಿಗೆಂದು ನಡುವೆ ಬಿಟ್ಟಿದ್ದ ಕಂಡಿಯನ್ನು ಕೊನೆಯ ದಿನ ಒಂದೇ ಮಧ್ಯಾಹ್ನದಲ್ಲಿ ಮುಚ್ಚಿದೆವು. ಮೇಲಿಂದ ಹಾರುವ ನೀರು ಬೀಳುವಲ್ಲಿ ಹಾಸುಗಲ್ಲು ಇರಲೇಬೇಕು. ಇಲ್ಲದಿದ್ದರೆ ಅದು ಕಟ್ಟದ ಬುಡವನ್ನೇ ಕೊರೆಯುತ್ತದೆ.

ಆ ವರ್ಷ ಮಾರ್ಚ್ ಮುಗಿಯುವವರೆಗೂ ನಮ್ಮ ಬಾವಿಯಲ್ಲಿ ನೀರಿತ್ತು. ಆದರೆ ಕಟ್ಟ ತುಂಬುವ ಎರಡು ದಿನ ಕೆಳಗಿನ ಮನೆಗಳಿಗೆ ಹರಿವೇ ಇರಲಿಲ್ಲ, ಅವರು ಸಿಟ್ಟಾದದ್ದು ನ್ಯಾಯವೇ ಆಗಿತ್ತು. ಅಂದಿನಿಂದ ಎಲ್ಲಕ್ಕಿಂತ ಕೆಳಗಿನ ಕಟ್ಟವನ್ನು ಮೊದಲು ಮುಚ್ಚಿ, ಅದು ತುಂಬಿದ ಮೇಲೆ ಅದರ ಮೇಲಿನದನ್ನು ಮುಚ್ಚುತ್ತೇವೆ. ಅವಸರಪಟ್ಟು ನವೆಂಬರಿನಲ್ಲೇ ಕಟ್ಟಿದರೆ ಒಂದು ಅಕಾಲಿಕ ಮಳೆಗೆ ಎಲ್ಲವೂ ಕೊಚ್ಚಿಹೋಗುತ್ತದೆ. ಜನವರಿ ದಾಟಿದರೆ ನಿಲ್ಲಿಸಲು ಹರಿವೇ ಉಳಿದಿರುವುದಿಲ್ಲ.

ಮೇ ಕೊನೆಯಲ್ಲಿ ಕಟ್ಟವನ್ನು ಬಿಡಿಸುತ್ತೇವೆ. ಬಿಡಿಸದಿದ್ದರೆ ಜೂನ್‌ನ ನೆರೆ ದಡ ಕೊರೆದು ತೋಟಕ್ಕೆ ನುಗ್ಗುತ್ತದೆ, ಮೊದಲ ಮಳೆಗೆ ಮೊಟ್ಟೆಯಿಡಲು ಮೇಲೇರುವ ಮೀನಿಗೂ ದಾರಿ ಇರುವುದಿಲ್ಲ. ಮೊದಲ ವರ್ಷದ ಹರಿದ ಪ್ಲಾಸ್ಟಿಕ್ ಚೀಲಗಳ ಚೂರುಗಳನ್ನು ಮಾತ್ರ ತೋಡಿನ ಬೇರುಗಳ ಸಂದಿನಿಂದ ಇಂದಿಗೂ ಹೆಕ್ಕುತ್ತಿದ್ದೇವೆ.