ವೈಫೈ ಇದೆ, ಪುಟ ತೆರೆಯುತ್ತಿಲ್ಲ: ಫಾರ್ಮ್ಯಾಟ್‌ಗೆ ಮೊದಲು ಇಷ್ಟು ನೋಡಿ

ಪಹಣಿ ತೆಗೆಯಬೇಕು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಮಗಳ ಪರೀಕ್ಷಾ ಶುಲ್ಕ ಕಟ್ಟಲು ಇವತ್ತೇ ಕೊನೆಯ ದಿನ. ಕಂಪ್ಯೂಟರ್ ಸರಿಯಾಗಿಯೇ ಆನ್ ಆಗಿದೆ, ಕೆಳಗಿನ ಮೂಲೆಯಲ್ಲಿ ವೈಫೈ ಗುರುತೂ ಕಾಣುತ್ತಿದೆ. ಆದರೆ ಕ್ರೋಮ್‌ನಲ್ಲಿ ಯಾವ ಪುಟವೂ ತೆರೆಯುತ್ತಿಲ್ಲ. ಎಡ್ಜ್, ಫೈರ್‌ಫಾಕ್ಸ್‌ಗಳಲ್ಲೂ ಅದೇ ಹಾಡು. ರಿಪೇರಿ ಅಂಗಡಿಗೆ ಒಯ್ದರೆ ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಮಾತು ಬಹುಬೇಗ ಬರುತ್ತದೆ. ಬ್ಯಾಕಪ್ ತೆಗೆಯದೆ ಹಾಗೆ ಮಾಡಿದರೆ ನುಡಿಯಲ್ಲಿ ಟೈಪ್ ಮಾಡಿಟ್ಟ ಕಡತ, ಟ್ಯಾಲಿಯ ಲೆಕ್ಕ, ಡೆಸ್ಕ್‌ಟಾಪ್ ಮೇಲಿದ್ದ ಫೋಟೊಗಳೆಲ್ಲ ಹೋಗುತ್ತವೆ. ಪುಟ ತೆರೆಯದ ತೊಂದರೆಗೆ ಅಷ್ಟು ಬೆಲೆ ತೆರಬೇಕಾಗಿ ಬರುವುದು ತೀರಾ ಕಡಿಮೆ.

ಒಂದು ಪುಟ ತೆರೆಯಬೇಕಾದರೆ ನಾಲ್ಕು ಕೆಲಸ ನಡೆಯಬೇಕು. ಕಂಪ್ಯೂಟರಿಗೆ ರೂಟರ್ ಸಿಗಬೇಕು, ರೂಟರಿಗೆ ಹೊರಗಿನ ಲೈನ್ ಸಿಗಬೇಕು, ನೀವು ಟೈಪ್ ಮಾಡಿದ ಹೆಸರಿಗೆ ಅದರ ಅಂಕಿ ವಿಳಾಸ ಸಿಗಬೇಕು, ಕೊನೆಗೆ ಆ ಕಡೆಯ ಸರ್ವರ್ ‘ನಾನೇ ಅಸಲಿ ತಾಣ’ ಎಂದು ತೋರಿಸುವ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪಬೇಕು. ಇವುಗಳಲ್ಲಿ ಯಾವುದು ನಿಂತಿದೆ ಎಂದು ಗೊತ್ತಾದರೆ ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಕೆಳಗಿನ ಹೆಜ್ಜೆಗಳು ವಿಂಡೋಸ್ 10 ಮತ್ತು 11 ಇರುವವರಿಗೆ.

ತೊಂದರೆ ಕಂಪ್ಯೂಟರಿನದೋ, ಲೈನಿನದೋ?

ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಜೋಡಿಸಿ, ಹೊಸದೊಂದು ಪುಟ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆತರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಫೋನಿನಲ್ಲೂ ತೆರೆಯದಿದ್ದರೆ ಕಂಪ್ಯೂಟರನ್ನು ಮುಟ್ಟಬೇಡಿ. ಫೈಬರ್ ಸಂಪರ್ಕವಿದ್ದರೆ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ‘ಎಲ್ಒಎಸ್’ ಎಂಬ ದೀಪ ನೋಡಿ. ಅದು ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ತುಂಡಾಗಿದೆ, ಇಲ್ಲವೇ ಕನೆಕ್ಟರ್ ಸಡಿಲಾಗಿದೆ. ಅದನ್ನು ಲೈನ್‌ಮನ್ನೇ ಬಂದು ಸರಿಮಾಡಬೇಕು. ದೀಪಗಳೆಲ್ಲ ಸರಿಯಿದ್ದರೆ ಪೆಟ್ಟಿಗೆ, ರೂಟರ್ ಎರಡನ್ನೂ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಪ್ಲಾನ್ ಮುಗಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕಂಪನಿಗೆ ಕರೆ ಮಾಡುವಾಗ ಒಂದು ಎಚ್ಚರಿಕೆ ಬೇಕು. ಕಸ್ಟಮರ್ ಕೇರ್ ನಂಬರನ್ನು ಬಿಲ್ಲಿನಿಂದಲೋ ಕಂಪನಿಯ ಆ್ಯಪ್‌ನಿಂದಲೋ ತೆಗೆದುಕೊಳ್ಳಿ, ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ನಕಲಿ ನಂಬರ್ ಹಾಕಿ ಕಾಯುವವರಿದ್ದಾರೆ. ದೂರದಿಂದ ನಿಮ್ಮ ಪರದೆ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದು ಹೇಳಿದರೆ ತಕ್ಷಣ ಕರೆ ಕಡಿಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಹೋಟೆಲ್, ಹಾಸ್ಟೆಲ್, ರೈಲು ನಿಲ್ದಾಣಗಳಲ್ಲಿ ವೈಫೈ ಜೋಡಣೆಯಾದರೂ ಒಟಿಪಿ ಕೊಡುವ ಪುಟ ಬರುವವರೆಗೆ ಬೇರೇನೂ ತೆರೆಯುವುದಿಲ್ಲ. ಆ ಪುಟ ತಾನಾಗಿ ಬಾರದಿದ್ದರೆ ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ ಎಂಬ ವಿಳಾಸವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸಾಮಾನ್ಯವಾಗಿ ಲಾಗಿನ್ ಪುಟ ಎದುರಿಗೆ ಬರುತ್ತದೆ.

ಪರದೆಯ ಸಣ್ಣ ಅಕ್ಷರ ಓದಿ

ಫೋನಿನಲ್ಲಿ ಪುಟ ಬಂತು, ಕಂಪ್ಯೂಟರಿನಲ್ಲಿ ಇಲ್ಲ ಎಂದಾದರೆ ಕ್ರೋಮ್ ತೋರಿಸುವ ದೊಡ್ಡ ಅಕ್ಷರದ ಸಾಲನ್ನು ಬಿಟ್ಟು, ಅದರ ಕೆಳಗೆ ಬೂದು ಬಣ್ಣದಲ್ಲಿರುವ ಸಣ್ಣ ಸಾಲನ್ನು ನೋಡಿ. ಅಲ್ಲಿ ‘ಇಂಟರ್ನೆಟ್ ಡಿಸ್‌ಕನೆಕ್ಟೆಡ್’ ಎಂದಿದ್ದರೆ ಸಂಪರ್ಕವೇ ಇಲ್ಲ: ಕೇಬಲ್ ಕಳಚಿದೆ ಅಥವಾ ಏರೋಪ್ಲೇನ್ ಮೋಡ್ ಆನ್ ಆಗಿದೆ. ‘ಡಿಎನ್ಎಸ್’ ಅಥವಾ ‘ನೇಮ್ ನಾಟ್ ರಿಸಾಲ್ವ್ಡ್’ ಎಂದಿದ್ದರೆ ಹೆಸರಿಗೆ ವಿಳಾಸ ಸಿಗುತ್ತಿಲ್ಲ. ‘ಪ್ರಾಕ್ಸಿ’ ಎಂದಿದ್ದರೆ ತೊಂದರೆ ಪ್ರಾಕ್ಸಿಯಲ್ಲಿ, ಅಂದರೆ ನಿಮಗೂ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಮಧ್ಯವರ್ತಿ ಸರ್ವರಿನಲ್ಲಿ. ‘ಸರ್ಟ್ ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ಮೊದಲು ಕಂಪ್ಯೂಟರಿನ ದಿನಾಂಕ ನೋಡಿ. ಈ ಸಾಲನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಯಾರಿಗೆ ತೋರಿಸಲೂ ಅನುಕೂಲ.

ಗಡಿಯಾರ ಹಿಂದೆ ಹೋಗಿದೆಯೇ?

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ. ಪ್ರತಿ ಜಾಲತಾಣದ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ಗಡಿಯಾರ ಹತ್ತು ವರ್ಷ ಹಿಂದಿದ್ದರೆ ಇಂದಿನ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಬ್ಯಾಂಕು, ಜಿಮೇಲ್, ಸರ್ಕಾರಿ ತಾಣ ಯಾವುದನ್ನೂ ಬ್ರೌಸರ್ ಒಳಗೆ ಬಿಡುವುದಿಲ್ಲ.

ಗಂಟೆಯ ಮೇಲೆ ಬಲ ಕ್ಲಿಕ್ ಮಾಡಿ, ದಿನಾಂಕ ಮತ್ತು ಸಮಯದ ಸೆಟ್ಟಿಂಗ್ಸ್‌ಗೆ ಹೋಗಿ, ಇಸವಿಯನ್ನೂ ಸೇರಿಸಿ ಎಲ್ಲವನ್ನೂ ಸರಿಪಡಿಸಿ. ಗಂಟೆ, ನಿಮಿಷ ಸರಿಯಿದ್ದು ಇಸವಿ ಮಾತ್ರ ತಪ್ಪಿರುವುದುಂಟು, ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಮತ್ತೆ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್ 2032 ಎಂಬ 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಪೂರ್ತಿ ಕಿತ್ತಿಟ್ಟು ಬದಲಾಯಿಸಿದರೆ ಆಯಿತು.

ಹೆಸರಿಗೆ ವಿಳಾಸ ಸಿಗದಿದ್ದಾಗ

ದಿನಾಂಕ ಸರಿಯಿದೆ ಎಂದಾದರೆ ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಪ್ಪು ಕಿಟಕಿ ತೆರೆಯಿರಿ. ‘ಪಿಂಗ್’ ಎಂದು ಬರೆದು, ಜಾಗ ಬಿಟ್ಟು, 8.8.8.8 ಎಂದು ಕೊಟ್ಟು ಎಂಟರ್ ಒತ್ತಿ. ‘ರಿಪ್ಲೈ ಫ್ರಮ್’ ಎಂದು ನಾಲ್ಕು ಸಾಲು ಬಂದರೆ ಲೈನ್ ಚೆನ್ನಾಗಿದೆ. ಈಗ ಅಂಕಿಯ ಬದಲು ಗೂಗಲ್ ಡಾಟ್ ಕಾಮ್ ಎಂದು ಕೊಡಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತೊಂದರೆ ಡಿಎನ್ಎಸ್‌ನಲ್ಲಿ. ಫೋನಿನಲ್ಲಿ ಅಮ್ಮನ ಹೆಸರು ಒತ್ತಿದರೆ ನಂಬರಿಗೆ ಕರೆ ಹೋಗುವಂತೆ, ತಾಣದ ಹೆಸರಿಗೆ ಅದರ ಅಂಕಿ ಹುಡುಕಿಕೊಡುವ ವ್ಯವಸ್ಥೆ ಇದು. ಎರಡಕ್ಕೂ ಉತ್ತರವಿಲ್ಲದಿದ್ದರೆ ‘ಐಪಿಕಾನ್ಫಿಗ್’ ಎಂದು ಕೊಟ್ಟು ನೋಡಿ. ವಿಳಾಸ 169.254 ಎಂದು ಶುರುವಾಗಿದ್ದರೆ ಕಂಪ್ಯೂಟರಿಗೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ. ಆ ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಪಾಸ್‌ವರ್ಡ್ ಹಾಕಿ ಜೋಡಿಸಿ.

ಡಿಎನ್ಎಸ್ ಸರಿಪಡಿಸಲು ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗಕ್ಕೆ ಹೋಗಿ ನಿಮ್ಮ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್ ತೆರೆಯಿರಿ. ವಿಂಡೋಸ್ 11ರಲ್ಲಿ ‘ಡಿಎನ್ಎಸ್ ಸರ್ವರ್ ಅಸೈನ್‌ಮೆಂಟ್’ ಎಂಬ ಸಾಲು ಸಿಗುತ್ತದೆ. ಅದರ ಎಡಿಟ್ ಒತ್ತಿ, ಮ್ಯಾನ್ಯುಯಲ್ ಆರಿಸಿ, ಐಪಿವಿ4 ಆನ್ ಮಾಡಿ, ಮೊದಲ ಜಾಗದಲ್ಲಿ ಗೂಗಲ್‌ನ 8.8.8.8, ಎರಡನೆಯದರಲ್ಲಿ ಕ್ಲೌಡ್‌ಫ್ಲೇರ್‌ನ 1.1.1.1 ತುಂಬಿಸಿ. ಆಮೇಲೆ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’, ಜಾಗ, ಓರೆಗೆರೆ (/), ‘ಫ್ಲಶ್‌ಡಿಎನ್ಎಸ್’ ಎಂದು ಕೊಟ್ಟರೆ ಹಳೆಯ ನೆನಪು ಅಳಿಸಿಹೋಗುತ್ತದೆ.

ಬದಲಾಯಿಸುವ ಮೊದಲು ಅಲ್ಲಿ ಯಾವ ಅಂಕಿ ಇತ್ತೆಂದು ಬರೆದಿಟ್ಟುಕೊಳ್ಳಿ. ನೀವು ಹಾಕದ, ನಿಮ್ಮ ಕಂಪನಿಯದೂ ಅಲ್ಲದ ಅಂಕಿ ಇದ್ದರೆ ವೈರಸ್ ಬಂದು ಹೋಗಿರುವ ಸಾಧ್ಯತೆ ಇದೆ. ‘ಡಿಎನ್ಎಸ್ ಚೇಂಜರ್’ ಎಂಬ ಕುತಂತ್ರಾಂಶ ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್ಎಸ್ ಅಂಕಿಯನ್ನು ಬದಲಾಯಿಸಿ, ಬಳಕೆದಾರರನ್ನು ವಂಚಕರ ಸರ್ವರುಗಳಿಗೆ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಸರ್ವರುಗಳನ್ನು ವಶಪಡಿಸಿಕೊಂಡಾಗ ಅವನ್ನು ಒಮ್ಮೆಲೇ ಆರಿಸಲಾಗಲಿಲ್ಲ. ಆರಿಸಿದ್ದರೆ ಅಷ್ಟೂ ಜನರಿಗೆ ಯಾವ ಪುಟವೂ ತೆರೆಯುತ್ತಿರಲಿಲ್ಲ. ಕೋರ್ಟಿನ ಅನುಮತಿ ಪಡೆದು ಅವುಗಳ ಜಾಗದಲ್ಲಿ ಶುದ್ಧ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಒಂದು ಪುಟ್ಟ ಅಂಕಿ ತಪ್ಪಿದರೆ ಇಡೀ ಇಂಟರ್ನೆಟ್ ಕೈತಪ್ಪುವುದು ಹೀಗೆ.

ಪ್ರಾಕ್ಸಿ, ವಿಪಿಎನ್, ಆ್ಯಂಟಿವೈರಸ್

ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲೇ ‘ಪ್ರಾಕ್ಸಿ’ ಇದೆ. ‘ಯೂಸ್ ಎ ಪ್ರಾಕ್ಸಿ ಸರ್ವರ್’ ಆನ್ ಇದ್ದರೆ ಆಫ್ ಮಾಡಿ, ‘ಆಟೊಮ್ಯಾಟಿಕಲಿ ಡಿಟೆಕ್ಟ್’ ಮಾತ್ರ ಆನ್ ಇರಲಿ. ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿಯವರನ್ನು ಕೇಳಿಯೇ ಮುಟ್ಟಿ. ಪುಕ್ಕಟೆ ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಸಾಗಿಸುವ ತಂತ್ರಾಂಶ) ಹಾಕಿದ್ದರೆ ತೆಗೆದುಹಾಕಿ. ಕೆಲವು ವಿಪಿಎನ್‌ಗಳು ತಮ್ಮ ಸಂಪರ್ಕ ಕಡಿದಾಗ ಇಡೀ ಇಂಟರ್ನೆಟ್ಟನ್ನೇ ತಡೆದು ನಿಲ್ಲಿಸುತ್ತವೆ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ.

ಒಂದೇ ಬ್ರೌಸರ್ ಕೆಟ್ಟಿದ್ದರೆ

ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಕ್ರೋಮ್‌ನ ಅಜ್ಞಾತ ಕಿಟಕಿ ತೆರೆಯಿರಿ. ಅಲ್ಲಿ ಪುಟ ಬಂದರೆ ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳನ್ನು) ಒಂದೊಂದಾಗಿ ಆಫ್ ಮಾಡಿ ತಪ್ಪಿತಸ್ಥನನ್ನು ಹುಡುಕಿ. ವಿಂಡೋಸ್ 7 ಇಟ್ಟುಕೊಂಡವರಿಗೆ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, ಹೊಸ ತಾಣಗಳು ಅದರಲ್ಲಿ ಅರ್ಧಂಬರ್ಧ ತೆರೆಯುವುದು ಸಹಜ.

ಕೆಲವು ತಾಣ ಬರುತ್ತವೆ, ಕೆಲವು ಬರುವುದಿಲ್ಲ

ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಪುಟ ಮಾತ್ರ ಸುತ್ತುತ್ತಲೇ ಇರುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಆಗುವ ಪಿಪಿಪಿಒಇ ಸಂಪರ್ಕಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇಂಟರ್ನೆಟ್ಟಿನಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ, ಸಾಮಾನ್ಯ ಈಥರ್ನೆಟ್ ಪೊಟ್ಟಣದ ಮಿತಿ 1500 ಬೈಟ್. ಪಿಪಿಪಿಒಇ ಅದರಲ್ಲಿ 8 ಬೈಟ್ ತನಗೆ ತೆಗೆದುಕೊಳ್ಳುವುದರಿಂದ ಉಳಿಯುವುದು 1492. ರೂಟರಿನಲ್ಲಿ ಈ ಮಿತಿಯನ್ನು ಸೂಚಿಸುವ ‘ಎಂಟಿಯು’ 1500 ಎಂದೇ ಉಳಿದಿದ್ದರೆ ದೊಡ್ಡ ಪೊಟ್ಟಣಗಳು ದಾರಿಯಲ್ಲೇ ಕಳೆದುಹೋಗಬಹುದು. ರೂಟರಿನ ವ್ಯಾನ್ (ಹೊರಗಿನ ಲೈನಿನ) ಸೆಟ್ಟಿಂಗ್‌ನಲ್ಲಿ ಅದನ್ನು 1492 ಮಾಡಿ ನೋಡಿ.

ಕೊನೆಯ ಹೆಜ್ಜೆ

ಇಷ್ಟಕ್ಕೂ ಸರಿಯಾಗದಿದ್ದರೆ ವಿಂಡೋಸ್‌ನ ‘ನೆಟ್‌ವರ್ಕ್ ರಿಸೆಟ್’ ಒತ್ತಿ. ನೆಟ್‌ವರ್ಕ್ ಜೋಡಣೆಗಳು ಮೊದಲಿನ ಸ್ಥಿತಿಗೆ ಬಂದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ನಿಮ್ಮ ಕಡತಗಳಿಗೆ ಏನೂ ಆಗುವುದಿಲ್ಲ, ವೈಫೈ ಪಾಸ್‌ವರ್ಡ್ ಮಾತ್ರ ಮತ್ತೆ ಹಾಕಬೇಕು.

ಅದೂ ಫಲಿಸದಿದ್ದರೆ ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆ ತುಂಬಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡಿ, ‘ಟ್ರೈ’ ಎಂಬುದನ್ನು ಆರಿಸಿ, ಅಲ್ಲಿನ ಫೈರ್‌ಫಾಕ್ಸ್‌ನಲ್ಲಿ ಪುಟ ತೆರೆಯಿರಿ. ಅಲ್ಲೂ ತೆರೆಯದಿದ್ದರೆ ಅನುಮಾನ ವೈಫೈ ಕಾರ್ಡ್ ಅಥವಾ ಕೇಬಲ್ ಕಡೆಗೆ ಹೋಗುತ್ತದೆ. ಆಗ ಫಾರ್ಮ್ಯಾಟ್ ಮಾಡಿಯೂ ಪ್ರಯೋಜನವಿಲ್ಲ. ತೆರೆದರೆ ತೊಂದರೆ ವಿಂಡೋಸ್‌ನದೇ, ಫಾರ್ಮ್ಯಾಟ್ ಮಾತು ಈಗ ಆಡಬಹುದು. ಅದಕ್ಕೂ ಮುಂಚೆ ಅದೇ ಉಬುಂಟುವಿನಿಂದ ನಿಮ್ಮ ಕಡತ, ಫೋಟೊಗಳನ್ನು ಇನ್ನೊಂದು ಡ್ರೈವಿಗೆ ನಕಲು ಮಾಡಿಕೊಳ್ಳಿ. ಡ್ರೈವಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪ್ ಆದರೆ ಇದಕ್ಕೆ 48 ಅಂಕಿಗಳ ರಿಕವರಿ ಕೀ ಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ಫೋನಿನಲ್ಲೇ ಲಾಗಿನ್ ಆಗಿ ನೋಡಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ.