ವಾಪಸ್ ಬಂದ ಕೂಲರ್: ಕೌಂಟರಿನಲ್ಲಿ ನಾನು ಮಾಡುವ ತಪಾಸಣೆ

ಕಲಬುರಗಿಯಲ್ಲಿ ಮಾರ್ಚ್ ಬಂತೆಂದರೆ ಕೂಲರ್ ಮಾರಾಟದ ಜೊತೆಗೇ ದೂರುಗಳೂ ಶುರು. "ಗಾಳಿ ಬರತದ, ಥಂಡ ಇಲ್ರಿ" ಅನ್ನುವವರೇ ಹೆಚ್ಚು. ಕೇಳಿದ ಕೂಡಲೇ ಕಂಪನಿಯ ಸರ್ವಿಸ್ ನಂಬರ್ ಬರೆದುಕೊಟ್ಟು ಸಾಗಹಾಕುವುದು ದೊಡ್ಡ ತಪ್ಪು. ಚಿಂಚೋಳಿಯಿಂದಲೋ ಅಫಜಲಪುರದಿಂದಲೋ ಟಂಟಂನಲ್ಲಿ ಹೇರಿಕೊಂಡು ಬಂದವರು ದುಡ್ಡು ಕೊಟ್ಟಿದ್ದು ನಮ್ಮ ಕೈಗೆ.

ನಾನು ಮೊದಲು ಬಿಲ್ಲು ಕೇಳುವುದಿಲ್ಲ, ಪ್ಲಗ್ ಹಾಕುತ್ತೇನೆ. ಕೌಂಟರಿನ ಪಕ್ಕದ ಬೋರ್ಡಿನಲ್ಲಿ 6 ಮತ್ತು 16 ಆಂಪಿಯರ್ ಸಾಕೆಟ್, 100 ವ್ಯಾಟ್ ಬಲ್ಬನ್ನು ಸೀರೀಸಿನಲ್ಲಿ (ಕರೆಂಟ್ ಬಲ್ಬಿನ ಮೂಲಕವೇ ಹಾದು ಹೋಗುವಂತೆ) ಕೂಡಿಸಿದ ಮತ್ತೊಂದು ಸಾಕೆಟ್, ವೋಲ್ಟೇಜ್, ಸಂಪರ್ಕ ಅಳೆಯುವ ಮಲ್ಟಿಮೀಟರ್ ಇವೆ. ದೋಷ ಗಿರಾಕಿಯ ಕಣ್ಣೆದುರೇ ಕಾಣಬೇಕು. ಒಳಗೊಯ್ದು ತಂದು "ಏನೂ ಆಗಿಲ್ಲ" ಅಂದರೆ ಅವರು ಯಾಕೆ ನಂಬಬೇಕು?

ಶಾಕ್ ಹೊಡೆಯುತ್ತದೆ ಎಂದರೆ ಮಾತ್ರ ಪ್ಲಗ್ ಹಾಕುವುದೇ ಇಲ್ಲ. ಮಲ್ಟಿಮೀಟರನ್ನು ಓಮ್ಸಿಗಿಟ್ಟು, ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್ನುಗಳಿಂದ ತಗಡಿನ ಬಾಡಿಗೆ ಸಂಪರ್ಕ ಇದೆಯೇ ನೋಡುತ್ತೇನೆ, ಇರಬಾರದು. ಅರ್ಥ್ ಪಿನ್ನಿನಿಂದ ಬಾಡಿಗೆ ಮಾತ್ರ ಇರಲೇಬೇಕು. ಹೆಚ್ಚಾಗಿ ಸಿಗುವುದು ಪಂಪಿನ ವೈರಿನ ಜೋಡಣೆ: ಮೇಲೆ ಸುತ್ತಿದ ಟೇಪು ನೀರು ಕುಡಿದು ಸಡಿಲಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಲು ಅರ್ಥ್ ಪಿನ್ ಮುರಿದಿರುತ್ತಾರೆ. ಇಂಥ ಕೂಲರನ್ನು ಅವತ್ತೇ ಇಟ್ಟುಕೊಳ್ಳುತ್ತೇನೆ, ಸರಿಪಡಿಸದೆ ಮನೆಗೆ ಹೋಗಲು ಬಿಡುವುದಿಲ್ಲ.

ಥಂಡ ಇಲ್ಲ ಅನ್ನುವ ದೂರಿನಲ್ಲಿ ಮೊದಲು ಪ್ಯಾಡ್ ಮುಟ್ಟಿ ನೋಡಬೇಕು. ಮೇಲಿನಿಂದ ಕೆಳಗಿನವರೆಗೆ ತೊಯ್ದಿದ್ದರೆ ಪಂಪು ಸರಿ ಇದೆ; ಹೆಚ್ಚಾಗಿ ಕೋಣೆಯ ಕಿಟಕಿ ಮುಚ್ಚಿಟ್ಟದ್ದೇ ಕಾರಣ. ಕೂಲರಿಗೆ ಹೊರಗಿನ ಒಣ ಗಾಳಿ ಒಳಬರಬೇಕು, ತೇವದ ಗಾಳಿ ಹೊರಹೋಗಬೇಕು. ಎ.ಸಿ.ಯಂತೆ ಬಾಗಿಲು ಹಾಕಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಮೈ ಜಿಗಿಜಿಗಿ. ಮಳೆಗಾಲದಲ್ಲಂತೂ ಹೊರಗಿನ ಗಾಳಿಯೇ ತೇವ, ಆಗ ಥಂಡ ಕಡಿಮೆಯೇ. ಇದನ್ನು ಮಾರುವಾಗಲೇ ಹೇಳದಿದ್ದರೆ ತಪ್ಪು ನಮ್ಮದು.

ಪ್ಯಾಡ್ ಒಣಗಿದ್ದರೆ ಪಂಪು ಬಿಚ್ಚುತ್ತೇನೆ. ಮುಂದಿನ ಮುಚ್ಚಳ ತೆಗೆದು ರೋಟರನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಮೇಲೆ ಸುಣ್ಣದಂತೆ ಬಿಳಿ ಪೊರೆ ಕಟ್ಟಿ ಸಿಕ್ಕಿಕೊಂಡಿರುತ್ತದೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಪುಡಿ) ಹಾಕಿ ಅರ್ಧ ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬಿಟ್ಟುಬರುತ್ತದೆ. ಕರಗುವುದನ್ನು ಕಣ್ಣಾರೆ ಕಂಡ ಗಿರಾಕಿ ಮುಂದೆ ತಾನೇ ಮಾಡಿಕೊಳ್ಳುತ್ತಾನೆ. ಮೊದಲ ಸಲ ದುಡ್ಡು ತೆಗೆದುಕೊಳ್ಳುವುದಿಲ್ಲ. ಪಂಪನ್ನು ಸೀರೀಸ್ ಸಾಕೆಟ್ಟಿಗೆ ಹಾಕಿದಾಗ ಬಲ್ಬು ಪೂರ್ತಿ ಉರಿದರೆ ಅದರ ಕಾಯಿಲ್ (ಒಳಗಿನ ತಂತಿಯ ಸುರುಳಿ) ಶಾರ್ಟ್ ಆಗಿದೆ ಎಂದರ್ಥ, ಪಂಪು ಬದಲಿಸಲೇಬೇಕು.

ಫ್ಯಾನು ಗುಂಯ್‌ಗುಟ್ಟಿ ನಿಂತರೆ, ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಅಳೆಯುತ್ತೇನೆ. ಅದರಲ್ಲಿ ಉಳಿದ ಕರೆಂಟ್ ಖಾಲಿ (ಡಿಸ್ಚಾರ್ಜ್) ಮಾಡಿದ ಮೇಲೆಯೇ ಕೈ ಹಚ್ಚಬೇಕು. 4 ಮೈಕ್ರೋಫ್ಯಾರಡ್ ಎಂದು ಬರೆದದ್ದು 3ಕ್ಕಿಂತ ಕೆಳಗಿಳಿದಿದ್ದರೆ ಹೊಸದು. ಸಂಜೆ ಮಾತ್ರ ನಿಧಾನ ಅಂದರೆ ಮನೆಯ ವೋಲ್ಟೇಜ್ ನೋಡಬೇಕು. ಕೌಂಟರಿಗೆ ಬರುವ ಮಿಕ್ಸರ್ ದೂರುಗಳಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ) ಬಿಡದೆ ರುಬ್ಬಿ ಓವರ್‌ಲೋಡ್ ಆದದ್ದೇ ಬಹಳ: ಆರಲು ಬಿಟ್ಟು ತಳದ ಕೆಂಪು ಬಟನ್ ಒತ್ತಿದರೆ ಸಾಕು.

ವಸ್ತು ಇಟ್ಟುಕೊಂಡರೆ ಚೀಟಿ ಎರಡು ಪ್ರತಿ. ತಾರೀಖು, ಸೀರಿಯಲ್ ನಂಬರ್, ಗಿರಾಕಿ ಹೇಳಿದ ಮಾತು ಹೇಳಿದ ಹಾಗೆಯೇ, ಜೊತೆಗೆ ಬಂದ ಮಿಕ್ಸರ್ ಜಾರು, ಮುಚ್ಚಳ, ರಿಮೋಟ್, ಮೊದಲೇ ಇದ್ದ ಗೀರು, ಮರಳಿಸುವ ದಿನ. ಜಾರು ಬರೆದುಕೊಳ್ಳದಿದ್ದರೆ ಒಬ್ಬರ ಜಾರು ಇನ್ನೊಬ್ಬರ ಮನೆ ಸೇರುತ್ತದೆ, ಜಗಳ ಅಲ್ಲಿಂದಲೇ.

"ಮಾರಿದ ಮಾಲು ವಾಪಸ್ ಇಲ್ಲ" ಎಂಬ ಸಾಲನ್ನು ನನ್ನ ಬಿಲ್ಲಿನಿಂದ ತೆಗೆಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ. ಗ್ರಾಹಕ ಸಹಾಯವಾಣಿ 1915 ಅನ್ನು ಬಿಲ್ಲಿನ ಹಿಂದೆ ನಾನೇ ಅಚ್ಚು ಹಾಕಿಸಿದ್ದೇನೆ.

ಕಾರ್ಖಾನೆಯ ದೋಷ ಎಂದು ಖಾತ್ರಿಯಾದರೆ ಹೊಸ ಪೀಸ್ ಕೊಡುತ್ತೇನೆ, ಅದನ್ನೂ ನೀರು ತುಂಬಿ ಹತ್ತು ನಿಮಿಷ ಓಡಿಸಿ ತೋರಿಸಿಯೇ. ದುಡ್ಡೇ ಬೇಕೆಂದರೆ ಕ್ರೆಡಿಟ್ ನೋಟ್ (ಬಿಲ್ಲಿನ ಹಣ ಮರಳಿಸುವ ಲೆಕ್ಕದ ಚೀಟಿ) ಬರೆದು, ಅವರು ಕೊಟ್ಟ ದಾರಿಯಲ್ಲೇ ಮರಳಿಸುತ್ತೇನೆ: ಫೋನಿನಲ್ಲಿ ಬಂದದ್ದು ಫೋನಿಗೆ, ನಗದು ನಗದಿಗೆ. ಕೆಟ್ಟ ಪೀಸಿಗೆ ಕೆಂಪು ಚೀಟಿ ಕಟ್ಟಿ ಬೇರೆ ಮೂಲೆಯಲ್ಲಿಡುತ್ತೇನೆ. ಸೀಜನ್ ಗಡಿಬಿಡಿಯಲ್ಲಿ ಅದೇ ಪೀಸು ಮತ್ತೆ ಮಾರಾಟದ ಸಾಲಿಗೆ ಸೇರುವುದು ಚೀಟಿ ಇಲ್ಲದಾಗಲೇ.